ಅಂತೋನಿಯ ಗುಹೆಗೆ ಹೋಗ್ತೀರಾ? ಬೆಳಕು ಹರಿಯೋ ಮುಂಚೆ ಹೊರಡಿ

ಈಜಿಪ್ಟಿಗೆ ಹೋದವರು ಪಿರಮಿಡ್ ನೋಡಿ, ನೈಲ್ ನದಿಯಲ್ಲಿ ದೋಣಿ ಹತ್ತಿ ವಾಪಸ್ ಬರುತ್ತಾರೆ. ನಾನು, ಅಣ್ಣ, ಅತ್ತಿಗೆ ಮೂವರೂ ಅದನ್ನೇ ಮಾಡಿದೆವು. ಆದರೆ ಒಂದು ದಿನ ಉಳಿಸಿಕೊಂಡು ಕೆಂಪು ಸಮುದ್ರದ ಕಡೆಯ ಸಂತ ಅಂತೋನಿಯ ಮಠಕ್ಕೂ, ಅದರ ಹಿಂದಿನ ಬೆಟ್ಟದಲ್ಲಿರುವ ಅವರ ಗುಹೆಗೂ ಹೋಗಿ ಬಂದೆವು. ಇಡೀ ಪ್ರವಾಸದಲ್ಲಿ ನನಗೆ ನೆನಪಿರುವುದು ಆ ಒಂದು ದಿನವೇ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ನಮ್ಮ ಕಡೆ ಮಂಗಳವಾರ ಹೋಗಿ ಮೇಣದಬತ್ತಿ ಹಚ್ಚುತ್ತೇವಲ್ಲ, ಬಾಲ ಯೇಸುವನ್ನು ಎತ್ತಿಕೊಂಡಿರುವ ಅಂತೋನಿ, ಅವರು ಇಟಲಿಯ ಪಾದುವಾದ ಅಂತೋನಿ ಅಂತ ಹೆಸರಾದವರು. ಅವರ ಹುಟ್ಟುಹೆಸರು ಫೆರ್ನಾಂಡೊ. ಸಂತ ಫ್ರಾನ್ಸಿಸರ ಸನ್ಯಾಸಿ ಸಭೆ ಸೇರಿದಾಗ ಇಟ್ಟುಕೊಂಡಿದ್ದು ಈ ಈಜಿಪ್ಟಿನ ಅಂತೋನಿಯ ಹೆಸರು. ಈಜಿಪ್ಟಿನ ಅಂತೋನಿ ಹುಟ್ಟಿದ್ದು ಕ್ರಿ.ಶ. ಸುಮಾರು 251ರಲ್ಲಿ, ತೀರಿಕೊಂಡಿದ್ದು 356ರಲ್ಲಿ. ಹೌದು, 105 ವರ್ಷ ಬದುಕಿದ್ದರಂತೆ!

ಕೈರೋದಿಂದ ಹೋಗುವುದಕ್ಕೇ ಮೂರೂವರೆ ಗಂಟೆ ಹಿಡಿಯುತ್ತೆ. ಮಠದ ಬಾಗಿಲವರೆಗೆ ಹೋಗುವ ಬಸ್ಸನ್ನು ನಂಬಿಕೊಂಡು ಕೂರಬೇಡಿ, ಇಡೀ ದಿನಕ್ಕೆ ಕಾರು ಮಾತಾಡಿಕೊಳ್ಳಿ. ಐನ್ ಸೊಖ್ನಾ ದಾಟಿ ಸಮುದ್ರದ ಪಕ್ಕದಲ್ಲೇ ಜಾಫರಾನಾದವರೆಗೆ ಹೋಗಬೇಕು. ದೊಡ್ಡ ದೊಡ್ಡ ಗಾಳಿಯಂತ್ರಗಳು ಸಾಲಾಗಿ ಕಂಡರೆ ಜಾಫರಾನಾ ಬಂತು ಅಂತ ಲೆಕ್ಕ. ಅಲ್ಲಿಂದ ಮರುಭೂಮಿಯೊಳಗೆ ಇನ್ನೂ ಸುಮಾರು 45 ಕಿ.ಮೀ. ದಾರಿಯಲ್ಲಿ ಪೊಲೀಸ್ ತಪಾಸಣೆ ಇರುತ್ತೆ, ಪಾಸ್‌ಪೋರ್ಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಮ್ಮ ಡ್ರೈವರ್ ಬೆಳಿಗ್ಗೆ 5ಕ್ಕೆ ಅಂದವನು 7:30ಕ್ಕೆ ಬಂದ. ಅದರ ಫಲ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಅಂತೋನಿಯ ಕತೆ ಗೊತ್ತಿಲ್ಲದೆ ಹೋದರೆ ಅಲ್ಲಿ ಕಾಣುವುದು ಬರೀ ಕಲ್ಲು, ಗೋಡೆ. ಅನುಕೂಲಸ್ಥ ರೈತರ ಮಗ, ಚೆನ್ನಾಗಿ ಬೆಳೆಯುವ ಜಮೀನಿತ್ತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಚರ್ಚಿನಲ್ಲಿ ‘ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು’ ಅನ್ನುವ ಮಾತು ಕಿವಿಗೆ ಬಿತ್ತು. ಕೊಟ್ಟೇಬಿಟ್ಟ. ತಂಗಿಯನ್ನು ಕನ್ಯೆಯರ ಆಶ್ರಯದಲ್ಲಿ ಬಿಟ್ಟು ಹೊರಟ. ಮೊದಲು ಊರಾಚೆ, ಆಮೇಲೆ ಗೋರಿಯೊಂದರಲ್ಲಿ, ಆಮೇಲೆ ಪಾಳುಬಿದ್ದ ಕೋಟೆಯಲ್ಲಿ 20 ವರ್ಷ ಒಬ್ಬನೇ. ಜನ ಬಿಟ್ಟರಾ? ಕೊನೆಗೆ ಬಾಗಿಲು ಕಿತ್ತುಹಾಕಿ ಹೊರಗೆ ಕರೆದರು. ಇದೂ ಸಾಕಾಗಿ ಅರಬ್ ವ್ಯಾಪಾರಿಗಳ ಜೊತೆ ಮೂರು ದಿನ ನಡೆದು ಈ ಬೆಟ್ಟಕ್ಕೆ ಬಂದದ್ದು. ಇಲ್ಲಿಗೂ ಜನ ಬಂದರು. 1,700 ವರ್ಷ ಆದರೂ ಬರುತ್ತಲೇ ಇದ್ದಾರೆ, ನಮ್ಮನ್ನೂ ಸೇರಿಸಿ.

ಅದಕ್ಕೇ ಹೇಳುವುದು, ಶುಕ್ರವಾರ ಹೋಗಬೇಡಿ. ಅವತ್ತು ಈಜಿಪ್ಟಿನಲ್ಲಿ ವಾರದ ರಜಾ, ಕಾಪ್ಟಿಕ್ ಕುಟುಂಬಗಳು, ಅಂದರೆ ಅಲ್ಲಿನ ಕ್ರೈಸ್ತರು, ಅಜ್ಜಿ, ಮಕ್ಕಳು, ಬುತ್ತಿ ಸಮೇತ ಬಸ್ಸುಗಟ್ಟಲೆ ಬರುತ್ತಾರೆ. ನಾವು ಹೋಗಿದ್ದು ಶುಕ್ರವಾರವೇ. ಈಸ್ಟರ್‌ಗೆ ಮುಂಚಿನ ಅವರ 55 ದಿನದ ಉಪವಾಸದಲ್ಲಿ ಎಷ್ಟೋ ಮಠಗಳು ಹೊರಗಿನವರನ್ನು ಬಿಡುವುದಿಲ್ಲ. ಅವರ ಈಸ್ಟರ್ ತಾರೀಕು ಎಷ್ಟೋ ವರ್ಷ ನಮ್ಮದಕ್ಕಿಂತ ಬೇರೆ ಇರುತ್ತೆ, ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ.

ಗುಹೆಗೆ ಮಠದ ಹಿಂದಿನ ಬೆಟ್ಟದಲ್ಲಿ ಹೆಚ್ಚುಕಮ್ಮಿ 1,200 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಅಭ್ಯಾಸ ಇದ್ದವರು ‘ಅಷ್ಟೇನಾ’ ಅನ್ನಬಹುದು. ನಾನೂ ಹಾಗೇ ಅಂದೆ. ಒಂದು ಮರ ಇಲ್ಲ, ಹಿಡಿ ನೆರಳಿಲ್ಲ, ನಾವು ಹತ್ತಲು ಶುರುಮಾಡಿದಾಗ ಗಂಟೆ ಹನ್ನೊಂದೂವರೆ. ಕಬ್ಬಿಣದ ಕಂಬಿ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ತಲಾ ಎರಡು ಲೀಟರ್ ನೀರು ಬೇಕೇ ಬೇಕು. ಮೇಲೆ ಕೊಳ್ಳೋಣ ಅಂದುಕೊಳ್ಳಬೇಡಿ.

ದಾರಿಯಲ್ಲಿ ಅಂತೋನಿಯ ಶಿಷ್ಯ, ಸರಳ ಪೌಲ ಅನ್ನುವವರ ಚಿಕ್ಕ ಗುಹೆ ಸಿಗುತ್ತೆ. ಅತ್ತಿಗೆ ಅಲ್ಲೇ ಕೂತುಬಿಟ್ಟರು. ಈ ಪೌಲ ಮನೆಯಲ್ಲಿ ಹೆಂಡತಿಯಿಂದ ನೊಂದು ಬಂದ ರೈತ, ವಯಸ್ಸು 60. ಈ ವಯಸ್ಸಲ್ಲಿ ಆಗಲ್ಲ, ಹೋಗು ಅಂತ ಅಂತೋನಿ ಬಾಗಿಲು ಹಾಕಿದರೂ ಊಟ ಇಲ್ಲದೆ ಹೊರಗೇ ನಿಂತನಂತೆ. ಒಳಗೆ ಬಿಟ್ಟ ಮೇಲೆ ಉದ್ದಕ್ಕೆ ಹಗ್ಗ ಹೆಣೆಸಿ, ಚೆನ್ನಾಗಿಲ್ಲ ಬಿಚ್ಚು ಅಂದರಂತೆ, ಇನ್ನೊಂದು ಸಲ ಹೆಣಿ ಅಂದರಂತೆ. ಗೊಣಗದೆ ಮಾಡಿದ. ಈ ಕತೆ ಕೇಳಿ ಅತ್ತಿಗೆ, “ನಾನೂ ಇಪ್ಪತ್ತೈದು ವರ್ಷದಿಂದ ಅದೇ ಮಾಡ್ತಿದೀನಿ, ನನಗೂ ಒಂದು ಗುಹೆ ಕೊಡ್ಸಿ” ಅಂದರು. ಅಣ್ಣ ನೀರಿನ ಬಾಟಲಿ ನೋಡುತ್ತಾ ನಿಂತಿದ್ದ.

ಮೇಲಿನ ಗುಹೆ ಅಂದರೆ ಬಂಡೆಯ ಬಿರುಕು. ಕೆಲವು ಮೀಟರ್ ಅಡ್ಡ ತಿರುಗಿಕೊಂಡೇ ಹೋಗಬೇಕು, ಹೆಗಲಿಗೆ ಬ್ಯಾಗ್ ಇದ್ದರೆ ಸಿಕ್ಕಿಕೊಳ್ಳುತ್ತೀರಿ. ಇಕ್ಕಟ್ಟು ಅಂದರೆ ಉಸಿರುಗಟ್ಟುವವರು ಹೊರಗೇ ನಿಲ್ಲುವುದು ಒಳ್ಳೆಯದು. ಲಕ್ಷಾಂತರ ಜನರ ಹೆಗಲು ಉಜ್ಜಿ ಉಜ್ಜಿ ಕಲ್ಲು ನುಣ್ಣಗೆ ಹೊಳೆಯುತ್ತೆ. ಒಳಗೆ ಐದಾರು ಜನ ನಿಲ್ಲುವಷ್ಟು ಜಾಗ, ಒಂದು ಪುಟ್ಟ ಬಲಿಪೀಠ. ಸರತಿಯಲ್ಲಿ ಅರ್ಧ ಗಂಟೆ ಕಾದಿದ್ದೆ, ಒಳಗೆ ಸಿಕ್ಕಿದ್ದು ಎರಡು ನಿಮಿಷ. ಒಬ್ಬನೇ ಇರಬೇಕು ಅಂತ ಬಂದ ಮನುಷ್ಯನ ಕೋಣೆಯಲ್ಲಿ ನನ್ನ ಬೆನ್ನಿಗೆ ಯಾರದೋ ಮೊಣಕೈ!

ಕೆಳಗೆ ಬಂದ ಮೇಲೆ ಹಳೆಯ ಚರ್ಚನ್ನು ತಪ್ಪಿಸಬೇಡಿ. ಚಪ್ಪಲಿ ಹೊರಗೆ ಬಿಡಿ, ಫ್ಲಾಷ್ ಹಾಕಬೇಡಿ. 1233ರ ಸುಮಾರಿಗೆ ಥಿಯೋಡೋರ್ ಅನ್ನುವವನ ತಂಡ ಬರೆದ ಗೋಡೆಚಿತ್ರಗಳು ಶತಮಾನಗಳ ಮಸಿಯಡಿ ಮುಚ್ಚಿಹೋಗಿದ್ದವು, 1990ರ ದಶಕದಲ್ಲಿ ತೊಳೆದು ತೆಗೆದರು. ಕುದುರೆ ಮೇಲಿನ ಯೋಧ ಸಂತರು ಎಷ್ಟು ಜೋರಾಗಿದ್ದಾರೋ, ಚಿತ್ರಗಳಲ್ಲಿನ ಸನ್ಯಾಸಿಗಳು ಅಷ್ಟೇ ಸುಮ್ನೆ ನೋಡುತ್ತಿರುತ್ತಾರೆ. ಇನ್ನೊಂದು ಚರ್ಚಿನ ನೆಲದಡಿ ಸಿಕ್ಕ ಬಹಳ ಹಳೆಯ ಸನ್ಯಾಸಿಗಳ ಕೋಣೆಗಳನ್ನು ಗಾಜಿನಡಿ ತೋರಿಸುತ್ತಾರೆ. ಸನ್ಯಾಸಿಗಳನ್ನು ‘ಅಬೂನಾ’ ಅಂತ ಕರೆಯಿರಿ, ಇಂಗ್ಲಿಷ್ ಬರುವವರು ಸಿಕ್ಕರೆ ತಾವೇ ಸುತ್ತಿಸುತ್ತಾರೆ. ಮೊಣಕಾಲು, ತೋಳು ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ.

ಅಂತೋನಿಯ ಸಮಾಧಿ ಎಲ್ಲಿ ಅಂತ ಅಣ್ಣ ಕೇಳಿದ. ತನ್ನನ್ನು ಹೂತ ಜಾಗ ಯಾರಿಗೂ ಹೇಳಬಾರದು ಅಂತ ಇಬ್ಬರು ಶಿಷ್ಯರಿಂದ ಮಾತು ತೆಗೆದುಕೊಂಡಿದ್ದರಂತೆ. ಅಬೂನಾ ಇಷ್ಟು ಹೇಳಿ ನಗುತ್ತಾ ಶಿಲುಬೆ ಒತ್ತಿದ ಎರಡು ರೊಟ್ಟಿ ಕೊಟ್ಟರು. ಕಾರಲ್ಲಿ ಅತ್ತಿಗೆ ಒಂದೂವರೆ ತಿಂದರು, ಉಳಿದರ್ಧ ನಮ್ಮಿಬ್ಬರಿಗೆ.