ಹೆದೆ ಸದ್ದು ಕಮ್ಮಿ ಮಾಡೋಕೆ ರಬ್ಬರ್ರಾ, ತುಪ್ಪಳಾನಾ, ಉಣ್ಣೆನಾ?

ನನ್ನ ರಿಕರ್ವ್ ಬಿಲ್ಲು (ತುದಿಗಳು ಗುರಿ ಕಡೆಗೆ ಬಳುಕಿರೋ ಥರದ್ದು) 62 ಇಂಚಿಂದು, ನಾನು ಎಳೆಯೋ ಅಷ್ಟಕ್ಕೆ 40 ಪೌಂಡ್ ಬರತ್ತೆ. ಅದಕ್ಕೆ ಹೊಸ ಹೆದೆ ಹಾಕಿ ಮೊದಲ ಬಾಣ ಬಿಟ್ಟಾಗ "ಟಂಯ್ಯ್" ಅಂತ ಒಂದು ಸದ್ದು, ಜೊತೆಗೇ "ಪಟ್" ಅಂತ ಇನ್ನೊಂದು. ಹಳೇದು ಡಾಕ್ರಾನ್ ಹೆದೆ, ಅದು ಸ್ವಲ್ಪ ಹಿಗ್ಗತ್ತೆ, ಹಂಗಾಗಿ ಪೆಟ್ಟನ್ನ ತಾನೇ ನುಂಗ್ಕೊಳ್ತಿತ್ತು. ಹೊಸದು ಫಾಸ್ಟ್ ಫ್ಲೈಟ್ ಅನ್ನೋ ನೂಲಿಂದು, ಅದು ಹಿಗ್ಗೋದು ತೀರಾ ಕಮ್ಮಿ, ಬಾಣ ಜೋರಾಗಿ ಹೋಗತ್ತೆ ಆದ್ರೆ ಕೂಗಾಡತ್ತೆ. (ಹಳೇ ಬಿಲ್ಲು ಇದ್ದೋರು ಇದನ್ನ ಹಾಕೋ ಮುಂಚೆ ಲಿಂಬ್ (ಬಿಲ್ಲಿನ ಬಾಗೋ ತೋಳು) ತುದಿ ಗಟ್ಟಿ ಮಾಡಿದಾರಾ ನೋಡ್ಕೊಳ್ಳಿ, ಇಲ್ಲಾಂದ್ರೆ ತುದಿ ಸೀಳ್ಕೊಂಡು ಬಿಲ್ಲೇ ಹಾಳಾಗಬಹುದು.)

ನಾನು ಆಗ ಮಾಡಿದ್ದೇನಂದ್ರೆ ಸೀದಾ ಹೋಗಿ ಒಂದು ಜೊತೆ ರಬ್ಬರ್ ಸೈಲೆನ್ಸರ್ ತಂದು ಕಟ್ಬಿಟ್ಟೆ, ಆ ಬೆಕ್ಕಿನ ಮೀಸೆ ಥರ ಕವಲು ಕವಲಾಗಿ ಇರತ್ತಲ್ಲ ಅದು. ಟಂಯ್ಯ್ ನಿಂತ್ಹೋಯ್ತು, ಪಟ್ ಮಾತ್ರ ಹಂಗೇ ಇತ್ತು. ಅದರ ಮೇಲೆ ಬಾಣಗಳೆಲ್ಲ ಗುರಿಗಿಂತ ಕೆಳಗೆ, ಸ್ವಲ್ಪ ಎಡಕ್ಕೆ ಬೀಳೋಕೆ ಶುರು. ನಾನು ಬಲಗೈಯಲ್ಲಿ ಎಳೆಯೋನು, ನನಗೆ ಬಾಣ ಎಡಕ್ಕೆ ಹೋಗ್ತಿದೆ ಅಂದ್ರೆ ಅದು ಆ ಬಿಲ್ಲಿಗೆ ಬಿರುಸಾಗಿದೆ, ಅಂದ್ರೆ ಬೇಕಾದಷ್ಟು ಬಾಗ್ತಿಲ್ಲ ಅಂತ. ಆದ್ರೆ ಬಾಣ ಅದೇ, ಬದಲಾಗಿದ್ದು ಹೆದೆ ತೂಕ ಅಷ್ಟೇ. ಹೆದೆ ಭಾರ ಆದಾಗ ಬಾಣಕ್ಕೆ ಸಿಗೋ ತಳ್ಳು ಕಮ್ಮಿ ಆಗತ್ತೆ, ತಳ್ಳು ಕಮ್ಮಿ ಆದ್ರೆ ಬಾಣ ಬಾಗೋದೂ ಕಮ್ಮಿ, ಅದಕ್ಕೇ ಆ ಬಿರುಸು.

ಇದಾದ್ಮೇಲೆ ನಾನು ಎಲ್ಲಾನೂ ಬಿಚ್ಚಿಟ್ಟು ಮೊದಲಿಂದ ಶುರು ಮಾಡಿದೆ. ನಿಮಗೂ ಅದನ್ನೇ ಹೇಳ್ತೀನಿ, ಸೈಲೆನ್ಸರ್ ಕೊನೆಗೆ, ಮೊದಲು ಬ್ರೇಸ್ ಹೈಟ್, ಅಂದ್ರೆ ಹೆದೆ ಏರಿಸಿದಾಗ ಬಿಲ್ಲಿನ ಹಿಡಿಗೂ ಹೆದೆಗೂ ಇರೋ ದೂರ. ಈ ಅಳತೆ ಬಿಲ್ಲುಗಳಿಗೆ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂಕಾಲು ಇಂಚು ಅಂತಾರೆ, ನಿಮ್ಮ ಬಿಲ್ಲು ಮಾಡಿದೋರು ಏನು ಹೇಳಿದಾರೋ ಅದನ್ನೇ ಹಿಡ್ಕೊಳ್ಳಿ. ಕೆಳಗಿನ ಅಳತೆಯಿಂದ ಶುರು ಮಾಡಿ, ಹೆದೆ ಇಳಿಸಿ ಮೂರು ನಾಲ್ಕು ಸುತ್ತು ಹುರಿ ಹಾಕಿ (ಹೆದೆ ಗಿಡ್ಡ ಆಗಿ ಬ್ರೇಸ್ ಹೈಟ್ ಏರತ್ತೆ), ಮತ್ತೆ ಏರಿಸಿ, ಐದಾರು ಬಾಣ ಬಿಟ್ಟು ಬರೀ ಕಿವಿ ಕೊಟ್ಟು ಕೇಳಿ, ಗುರಿ ಕಡೆ ತಲೆನೇ ಕೆಡಿಸ್ಕೋಬೇಡಿ. ಬೇಜಾರಿನ ಕೆಲಸ ಅನ್ಸತ್ತೆ ಆದ್ರೆ ಒಂದು ಕಡೆ ಬಂದಾಗ ಸದ್ದು ಇದ್ದಕ್ಕಿದ್ದಂಗೆ ಮೊಂಡಾಗತ್ತೆ, ಕೈಗೆ ಬರೋ ನಡುಕಾನೂ ಇಳಿಯತ್ತೆ, ಆ ಕ್ಷಣ ನಂಗೆ ಬಹಳ ಇಷ್ಟ. ನನ್ನ ಬಿಲ್ಲಿಗೆ ಅದು ಸರಿಯಾಗಿ 8 ಇಂಚಲ್ಲಿ ಸಿಕ್ತು.

ಬಾಣದ ತೂಕಾನೂ ನೋಡಿ. ನಂದು 320 ಗ್ರೇನ್ (ಬಾಣದ ತೂಕ ಅಳೆಯೋ ಸಣ್ಣ ಮಾನ) ಇತ್ತು, ಅಂದ್ರೆ ಬಿಲ್ಲಿನ ಎಳೆತದ ಪೌಂಡಿಗೆ 8. ಮುಂದೆ ಭಾರದ ತುದಿ ಹಾಕಿ 400 ಮಾಡಿದ್ಮೇಲೆ, ಪೌಂಡಿಗೆ 10 ಆಯ್ತಲ್ಲ, ಬಿಲ್ಲಿನ ಶಕ್ತಿ ಜಾಸ್ತಿ ಪಾಲು ಬಾಣದ ಜೊತೆನೇ ಹೋಯ್ತು, ಹೆದೆ ಅಲ್ಲಾಡಿಸೋಕೆ ಉಳಿದಿದ್ದು ಕಮ್ಮಿ. ತುದಿ ಭಾರ ಆದಷ್ಟೂ ಬಾಣ ಜಾಸ್ತಿ ಬಾಗೋದ್ರಿಂದ ಆ ಬಿರುಸೂ ಸುಮಾರು ಸರಿಹೋಯ್ತು.

ಈಗ ಆ ಪಟ್. ರಿಕರ್ವ್ ಲಿಂಬಿನ ತುದಿ ಗುರಿ ಕಡೆಗೆ ಬಳುಕಿರತ್ತಲ್ಲ, ಹೆದೆ ಏರಿಸಿದಾಗ ಕೊನೇ ಕೆಲವು ಇಂಚು ಹೆದೆ ಲಿಂಬ್ ಮೇಲೇ ಮಲಗಿರತ್ತೆ, ಬಾಣ ಬಿಟ್ಟಾಗ ಹೆದೆ ವಾಪಸ್ ಬಂದು ಅಲ್ಲೇ ಹೊಡಿಯತ್ತೆ. ಮಧ್ಯದಲ್ಲಿ ಎಷ್ಟು ಪೊದೆ ಕಟ್ಟಿದ್ರೂ ಈ ಏಟಿನ ಸದ್ದು ಹೋಗಲ್ಲ. ಆ ಜಾಗದಲ್ಲಿ ಹೆದೆಗೆ ಉಣ್ಣೆ ನೂಲು ಸುತ್ತಿ, ಇಲ್ಲಾ ಲಿಂಬಿಗೇ ತೆಳ್ಳಗಿನ ಫೆಲ್ಟ್ (ಒತ್ತಿ ಮಾಡಿದ ಮೆತ್ತನೆ ಬಟ್ಟೆ) ಪಟ್ಟಿ ಅಂಟಿಸಿ. ನಾನು ಫೆಲ್ಟ್ ಅಂಟಿಸ್ದೆ, ಪಟ್ ಅರ್ಧಕ್ಕಿಂತ ಜಾಸ್ತಿ ಹೋಯ್ತು.

ಇಷ್ಟೆಲ್ಲ ಆದ್ಮೇಲೂ ಉಳಿದ ಟಂಯ್ಯ್‌ಗೆ ಸೈಲೆನ್ಸರ್. ರಬ್ಬರ್ ಸದ್ದನ್ನ ಚೆನ್ನಾಗೇ ನುಂಗತ್ತೆ, ನೀರು ಕುಡಿಯಲ್ಲ, ಆದ್ರೆ ಮೂರರಲ್ಲಿ ಅದೇ ಭಾರ, ಬಿಸಿಲಿಗೆ ಬಿರುಕು ಬಿಡತ್ತೆ. ತುಪ್ಪಳದ ಪಟ್ಟಿ, ಅದ್ರಲ್ಲೂ ಬೀವರ್ ತುಪ್ಪಳ, ಹಗುರ, ನೀರಲ್ಲೇ ಬದುಕೋ ಪ್ರಾಣಿದಾದ್ರಿಂದ ಒದ್ದೆ ಆದ್ರೂ ಕೊಡವಿದ್ರೆ ಸಾಕು. ಪ್ರಾಣಿ ಚರ್ಮ ಬೇಡ ಅಂತ ನಾನು ಅದನ್ನ ಬಿಟ್ಟೆ. ಉಣ್ಣೆ ನೂಲಿನ ಕುಚ್ಚು ತುಂಬಾ ಹಗುರ, ಮನೇಲೇ ಮಾಡ್ಕೋಬಹುದು, ಸಾಲ್ದು ಅನ್ಸಿದ್ರೆ ಇನ್ನೆರಡು ತುಂಡು ಸೇರಿಸಿ, ಜಾಸ್ತಿ ಆಯ್ತಾ, ಕತ್ತರಿ ಹಾಕಿ. ಮಳೇಲಿ ನೀರು ಹೀರ್ಕೊಂಡು ಭಾರ ಆಗತ್ತೆ, ಅದೊಂದೇ ತೊಂದರೆ. ನನ್ನ ಓಟು ಉಣ್ಣೆಗೇ.

ಎಲ್ಲಿ ಕಟ್ಟೋದು ಅನ್ನೋದ್ರ ಮೇಲೂ ತುಂಬಾ ಇದೆ. ಹೆದೆ ಮಧ್ಯಕ್ಕೆ ಹತ್ತಿರ ಹೋದಷ್ಟೂ ಸೈಲೆನ್ಸರ್ ಹೆದೆ ಜೊತೆ ಜಾಸ್ತಿ ದೂರ ಓಡ್ಬೇಕು, ಹಂಗಾಗಿ ಬಾಣದ ವೇಗ ಜಾಸ್ತಿ ತಿನ್ನತ್ತೆ. ಹಳಬರ ಲೆಕ್ಕ ಅಂದ್ರೆ ತುದಿಯಿಂದ ಅಳೆದು ಒಂದು ಕಡೆ ಹೆದೆಯ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಕಡೆ ನಾಲ್ಕನೇ ಒಂದು ಭಾಗದಲ್ಲಿ. ಕಾರಣ ಇದೆ: ಹೆದೆ ಬರೀ ಒಂದೇ ಥರ ಅಲ್ಲಾಡಲ್ಲ, ಎರಡು, ಮೂರು, ನಾಲ್ಕು ತುಂಡಾಗಿಯೂ ಕಂಪಿಸತ್ತೆ, ಆ ತುಂಡುಗಳು ಸೇರೋ ಕಡೆ ಹೆದೆ ಅಲ್ಲಾಡೋದೇ ಇಲ್ಲ. ಸರಿಯಾಗಿ ಅಲ್ಲೇ ಕುಚ್ಚು ಕೂತ್ರೆ ಆ ಕಂಪನವನ್ನ ಅದು ಹಿಡಿಯಲ್ಲ, ಎರಡು ಬೇರೆ ಬೇರೆ ಜಾಗದಲ್ಲಿದ್ರೆ ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯತ್ತೆ.

ಆದ್ರೆ ಸ್ಪರ್ಧೆಗೆ ಹೋಗೋರು ಗಮನಿಸಿ, ವರ್ಲ್ಡ್ ಆರ್ಚರಿ (ಬಿಲ್ಲುಗಾರಿಕೆಯ ಅಂತಾರಾಷ್ಟ್ರೀಯ ಸಂಸ್ಥೆ) ಇದರ ಫೀಲ್ಡ್, ತ್ರೀಡಿ ಸ್ಪರ್ಧೆಗಳ ನಿಯಮದಲ್ಲಿ ಸಾಂಪ್ರದಾಯಿಕ ಬಿಲ್ಲಿಗೆ ಸೈಲೆನ್ಸರ್ ಬಿಡ್ತಾರೆ, ನಾಕಿಂಗ್ ಪಾಯಿಂಟಿಂದ (ಹೆದೆ ಮಧ್ಯದಲ್ಲಿ ಬಾಣ ಸಿಕ್ಕಿಸೋ ಜಾಗ) 30 ಸೆಂಟಿಮೀಟರ್ ಒಳಗೆ ಮಾತ್ರ ಇರಬಾರದು. 62 ಇಂಚಿನ ಬಿಲ್ಲಿಗೆ ಹೆದೆ ಸುಮಾರು 58 ಇಂಚು, ಅದರ ಮೂರನೇ ಒಂದು ಭಾಗ ಲೆಕ್ಕ ಹಾಕಿದ್ರೆ ನಾಕಿಂಗ್ ಪಾಯಿಂಟಿಗೆ 25 ಸೆಂಟಿಮೀಟರ್ ಅಷ್ಟೇ ಉಳಿಯತ್ತೆ. ಅದಕ್ಕೇ ನಾನು ಮೇಲೆ ನಾಲ್ಕನೇ ಒಂದು ಭಾಗ, ಕೆಳಗೆ ಐದನೇ ಒಂದು ಭಾಗ ಇಟ್ಟಿದೀನಿ.

ಕಟ್ಟೋವಾಗ ಹೆದೆ ಎಳೆಗಳನ್ನ ಎರಡು ಪಾಲು ಮಾಡಿ ನಡುವೆ ನೂಲು ತೂರಿಸಿ ಗಂಟು ಹಾಕಿ, ಆಮೇಲೆ ತುದಿ ಬಿಡಿಸಿ ಉಬ್ಬಿಸಿ. ಎಳೆ ಅಗಲ ಆಗಿದ್ದಕ್ಕೆ ಹೆದೆ ಕೂದಲಷ್ಟು ಗಿಡ್ಡ ಆಗತ್ತೆ, ಬ್ರೇಸ್ ಹೈಟ್ ಏರತ್ತೆ, ಮತ್ತೆ ಅಳೀಲೇಬೇಕು. ನಂದು ಒಂದು ಸುತ್ತು ಹುರಿ ಬಿಚ್ಚಿದ್ಮೇಲೆ 8 ಇಂಚಿಗೇ ವಾಪಸ್ ಬಂತು. ಈಗ ಬಾಣ ಬಿಟ್ರೆ "ದುಪ್" ಅಂತ ಮೊಂಡು ಸದ್ದು, ಅದಾದ್ಮೇಲೆ ಬಾಣ ಟಾರ್ಗೆಟ್‌ಗೆ ಹೋಗಿ ನಾಟೋದು ಕೇಳ್ಸತ್ತೆ, ಮುಂಚೆ ಅದು ಕೇಳಿಸ್ತಾನೇ ಇರ್ಲಿಲ್ಲ.