ನಾಲ್ಕು ಗಂಟೆಯ ನಂತರದ ಇಂಗ್ಲಿಷ್

ನಾನು ಈ ಕಾಲೇಜಿಗೆ ಬಿ.ಎ. ಸೇರಿದಾಗ ಊರಿಗೆ ಇನ್ನೂ ಗುಲಬರ್ಗಾ ಎಂದೇ ಹೆಸರಿತ್ತು. ಅದು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಲ್ಲಿ ಹೆಚ್ಚಿನವರು ನನ್ನ ಹಾಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜೇವರ್ಗಿ, ಆಳಂದ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿ ಇದ್ದವರು. ಊರಿನದೇ ರೋಜಾ ಬಡಾವಣೆಯ ಕಡೆಯಿಂದ ಬರುತ್ತಿದ್ದ ಒಂದಿಬ್ಬರು ಉರ್ದು ಮಾಧ್ಯಮದವರು. ಎಲ್ಲರ ಕೈಯಲ್ಲೂ ಒಂದೇ ಗೈಡು, ಎಲ್ಲರ ಹೋಂವರ್ಕಿನಲ್ಲೂ ಅದೇ ಸಾರಾಂಶ.

ಕಾಲೇಜಿನ ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ಗ್ಯಾದರಿಂಗು, ಕ್ರಿಕೆಟ್ಟು, ಸೂಪರ್ ಮಾರ್ಕೆಟ್ಟಿನ ತಿರುಗಾಟ ಎಲ್ಲ ಕಣ್ಣ ಮುಂದೆ ಬಂದವು. ಅವುಗಳ ಬಗ್ಗೆ ಬೇರೆಯವರು ಬರೆಯುತ್ತಾರೆ. ನಾನು ಬರೆಯಲೇಬೇಕಾದದ್ದು ಗ್ರಂಥಾಲಯದ ಪಕ್ಕದ ವರಾಂಡದ ಬಗ್ಗೆ. ಕ್ಲಾಸು ಬಿಟ್ಟ ಮೇಲೆ, ನಾಲ್ಕು ಗಂಟೆಗೆ, ನಮ್ಮ ಇಂಗ್ಲಿಷ್ ಮೇಡಂ ಅಲ್ಲಿ ಬೆಂಚು ಹಾಕಿಸಿಕೊಂಡು ಕೂಡುತ್ತಿದ್ದರು. ಹೋಂವರ್ಕ್ ತಿಳಿಯದವರು ಬರಬಹುದಿತ್ತು. ಅದನ್ನು ಟ್ಯೂಷನ್ ಅನ್ನಲಾರೆ. ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಉತ್ತರವನ್ನೂ ಬರೆಸುತ್ತಿರಲಿಲ್ಲ.

ನೋಟ್‌ಬುಕ್ಕಿನ ಬಲಪುಟದಲ್ಲಿ ನಾವು ಬರೆಯಬೇಕು, ಎಡಪುಟ ಖಾಲಿ ಬಿಡಬೇಕು. ಅವರ ಕೈಯಲ್ಲಿ ಒಂದು ಪೆನ್ಸಿಲ್. ತಪ್ಪಿದ್ದ ಕಡೆ ತೆಳ್ಳಗೆ ಗೆರೆ ಎಳೆಯುತ್ತಿದ್ದರೇ ಹೊರತು ಸರಿ ಯಾವುದೆಂದು ಬರೆಯುತ್ತಿರಲಿಲ್ಲ. ಆ ಸಾಲನ್ನು ನಾವೇ ಗಟ್ಟಿಯಾಗಿ ಓದಿ, ತಪ್ಪು ಹುಡುಕಿ, ಎಡಪುಟದಲ್ಲಿ ತಿದ್ದಿ ಬರೆಯಬೇಕು. ನನ್ನ ರೂಮಿನ ಗೆಳೆಯ ‘ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್’ ಎಂದು ಬರೆದಿದ್ದ. ದೋ, ಬಟ್ ಎರಡರ ಕೆಳಗೂ ಗೆರೆ ಬಿತ್ತು. ‘ಎರಡೂ ಒಂದೇ ಕೆಲಸ ಮಾಡ್ಲಕತ್ತಾವ. ಒಂದಕ್ಕ ರಜಾ ಕೊಡು’ ಅಂದರು. ಯಾವುದಕ್ಕೆ ಎಂದು ಅವನು ಕೇಳಿದ. ಒಂದೊಂದನ್ನೇ ಬಿಟ್ಟು ಎರಡು ಸಲ ಓದಿಸಿದರು. ಎರಡೂ ಸರಿಯಾಗಿಯೇ ಇದ್ದವು. ಇಂಗ್ಲಿಷಿನಲ್ಲಿ ತಾನು ಆರಿಸಿಕೊಳ್ಳಬಹುದು ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

‘ಎ’ ಮತ್ತು ‘ದಿ’ ನಮ್ಮನ್ನು ಬಹಳ ಕಾಡುತ್ತಿದ್ದವು. ಮೇಡಂ ನಮ್ಮಿಂದ ಒಂದು ಅಜ್ಜಿ ಕಥೆ ಹೇಳಿಸಿದರು. ಒಂದೂರಾಗ ಒಬ್ಬ ರಾಜ ಇದ್ದ, ಆ ರಾಜಗ ಮೂರು ಮಂದಿ ಹೆಂಡರು. ಮೊದಲ ಸಲ ‘ಒಬ್ಬ’, ಆಮೇಲೆ ‘ಆ’. ಇಷ್ಟರಿಂದ ಎಲ್ಲ ನಿಯಮವೂ ಬಗೆಹರಿಯುವುದಿಲ್ಲ, ಆದರೆ ಓದುವವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಯೋಚಿಸಿ ಬರೆಯುವುದು ಅಲ್ಲಿಂದ ಶುರುವಾಯಿತು. ನಮ್ಮ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದ ವಾಕ್ಯವೇ ಒಳಗಿನಿಂದ ಎಳೆಯುವುದರಿಂದ ಆದವು, ದಡ್ಡತನದಿಂದಲ್ಲ ಎಂದು ಅವರು ನಂಬಿದ್ದರು. ನಮ್ಮಂಥ ಹುಡುಗರಿಗೆ ಆ ನಂಬಿಕೆ ಎಷ್ಟು ದೊಡ್ಡದಾಗಿತ್ತೆಂದು ಹೇಳಲು ಈ ಪುಟ ಸಾಲದು.

ಕವಿತೆಯ ಹೋಂವರ್ಕ್ ಇದ್ದ ದಿನ ಮೊದಲು ಕನ್ನಡದಲ್ಲೇ ಮಾತು. ‘ಗೈಡಿನಾಗ ಏನದ ಅದು ನನಗ ಗೊತ್ತದ. ನಿನಗ ಏನ್ ಕಂಡದ ಅದು ಹೇಳು. ಯಾರು ಮಾತಾಡ್ಲಕತ್ತಾರ, ಯಾರಿಗಿ, ಯಾಕ?’ ಪ್ರತಿ ಸಲವೂ ಇವೇ ಪ್ರಶ್ನೆಗಳು.

ಶೇಕ್ಸ್‌ಪಿಯರ್‌ನ 73ನೆಯ ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಪದ್ಯ, ನಮಗೆ ಪಾಠಕ್ಕಿತ್ತು. 1609ರಲ್ಲಿ ಅಚ್ಚಾದ 154 ಸಾನೆಟ್‌ಗಳಲ್ಲಿ ಅದೊಂದು. ನನ್ನಲ್ಲಿ ನೀನು ಈಗ ಕಾಣುವುದು ಎಲೆ ಉದುರಿದ ಕೊಂಬೆಗಳ ಕಾಲ ಎಂದು ಪದ್ಯದಲ್ಲಿ ಮಾತಾಡುವವನು ಶುರು ಮಾಡುತ್ತಾನೆ. ನಾವೆಲ್ಲ ಖುಷಿಯಿಂದ, ಇದು ಭರವಸೆಯ ಪದ್ಯ ಮೇಡಂ ಅಂದೆವು. ನಮ್ಮ ಕಡೆ ಬೇವು ಬೋಳಾದರೆ ಯುಗಾದಿ ಬಂತೆಂದೇ ಲೆಕ್ಕ, ಹಿಂದೆಯೇ ಚಿಗುರು. ಮೇಡಂ ತಪ್ಪು ಅನ್ನಲಿಲ್ಲ. ‘ಕೊಂಬಿ ಏನ್ ಮಾಡ್ಲಕತ್ತಾವ, ಆ ಸಾಲು ಮತ್ತೊಮ್ಮಿ ಓದ್ರಿ’ ಅಂದರು. ಕೊಂಬೆಗಳು ಚಳಿಗೆ ನಡುಗುತ್ತಿದ್ದವು. ಇಂಗ್ಲೆಂಡಿನಲ್ಲಿ ಎಲೆ ಉದುರುವುದು ಅಕ್ಟೋಬರ್, ನವೆಂಬರಿನಲ್ಲಿ, ಮುಂದೆ ಇರುವುದು ಹಿಮದ ಕಾಲ. ಉತ್ತರ ಪದ್ಯದ ಒಳಗೇ ಇತ್ತು, ನಾವು ನಮ್ಮೂರಿನ ಮರವನ್ನು ನೋಡುತ್ತಿದ್ದೆವು.

ಅಲ್ಲೇ, ಹಿಂದೆ ಹಕ್ಕಿ ಹಾಡುತ್ತಿದ್ದ ಪಾಳುಬಿದ್ದ ಗಾಯನಶಾಲೆಗಳ, ಅಂದರೆ ಚರ್ಚಿನೊಳಗೆ ಹಾಡುವವರು ಕೂಡುವ ಜಾಗಗಳ, ಮಾತು ಬರುತ್ತದೆ. 1530ರ ದಶಕದಲ್ಲಿ ಎಂಟನೆಯ ಹೆನ್ರಿ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನು ಮುಚ್ಚಿಸಿದ್ದ. ಮಾಡು ಕಿತ್ತುಹೋದ ಆ ಕಟ್ಟಡಗಳ ನೆನಪು ಈ ಸಾಲಿನಲ್ಲಿದೆ ಎಂದು ಅನೇಕ ವಿಮರ್ಶಕರು ಓದುತ್ತಾರೆ. ‘ಕೋಟ್ಯಾಗ ಹೋಗಿ ಸುಮ್ಮನ ಒಂದು ತಾಸು ನಿಂತು ಬರ್ರಿ’ ಅಂದರು ಮೇಡಂ. ಊರಿನ ಕೋಟೆಗೆ ಹೋದೆವು. ಅಲ್ಲಿ 1367ರ ಜಾಮಿಯಾ ಮಸೀದಿ ಗಟ್ಟಿಯಾಗಿ ನಿಂತಿದೆ, ಸುತ್ತ ಎಷ್ಟೋ ಗೋಡೆಗಳ ಮೇಲೆ ಮಾಡು ಇಲ್ಲ. ಸಾಲು ಅರ್ಥವಾಯಿತು.

ಮರುದಿನ 4, 8, 12ನೆಯ ಸಾಲುಗಳ ಕೆಳಗೆ ಗೆರೆ ಎಳೆಯಲು ಹೇಳಿದರು. ಮೊದಲ ಭಾಗದಲ್ಲಿ ಋತು, ಎರಡನೆಯದರಲ್ಲಿ ಮುಳುಗಿದ ಹೊತ್ತು, ಮೂರನೆಯದರಲ್ಲಿ ಆರುತ್ತಿರುವ ಬೆಂಕಿ. ‘ಮೂರಕ್ಕೂ ಎಷ್ಟೆಷ್ಟು ಟೈಮ್ ಹಿಡೀತದ?’ ಆಳಂದದ ಹುಡುಗಿಯೊಬ್ಬಳು ತಟ್ಟನೆ ಹೇಳಿದಳು, ತಿಂಗಳುಗಟ್ಟಲೆ, ಒಂದು ಸಂಜಿ, ಒಂದು ಗಳಿಗಿ, ಸಣ್ಣ ಆಗ್ಲಕತ್ತದ ಮೇಡಂ. ನಮ್ಮ ಗೈಡಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಮೇಡಂ ಮುಖ ಆಗ ನೋಡಬೇಕಿತ್ತು.

ಬೆಂಕಿಯ ಭಾಗ ನನ್ನ ಪಾಲಿಗೆ ಬಂತು. ಆ ಬೆಂಕಿ ತನ್ನ ಯೌವನದ ಬೂದಿಯ ಮೇಲೆಯೇ ಮಲಗಿದೆ, ತನಗೆ ಉಣಿಸಿದ್ದರಿಂದಲೇ ತೀರಿಹೋಗುತ್ತಿದೆ ಎಂಬ ಸಾಲು ಬಹಳ ಕಠಿಣವೆಂದು ಹೆಸರಾದದ್ದು. ನಮ್ಮ ಮನೆಯಲ್ಲಿ ಒಲೆಗೆ ತೊಗರಿ ಕಟ್ಟಿಗೆ. ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ, ಆ ಬೂದಿಯನ್ನು ಅವ್ವ ಆಗಾಗ ಕೆದರಿ ತೆಗೆಯದಿದ್ದರೆ ಅದೇ ಕೆಂಡವನ್ನು ಅಮುಕಿಬಿಡುತ್ತದೆ. ಉರಿಸಿದ್ದೂ ಅದೇ, ಆರಿಸುವುದೂ ಅದೇ. ಇದನ್ನು ಹೇಳಿದಾಗ ಮೇಡಂ, ‘ಇದೇ ಇಂಗ್ಲಿಷಿನಾಗ ಬರಿ, ಒಲಿ ಬಿಡಬ್ಯಾಡ’ ಅಂದರು. ನನ್ನ ಅವ್ವನ ಒಲೆ ಇಂಗ್ಲಿಷ್ ಉತ್ತರದಲ್ಲಿ ಬರಬಹುದೆಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಕೊನೆಯ ಎರಡು ಸಾಲು ರೋಜಾದ ಗೆಳೆಯನಿಗೆ ಬಲು ಸಲೀಸು. ಮನೆಯಲ್ಲಿ ಗಜಲ್ ಕೇಳಿ ಬೆಳೆದವನು, ಇದು ಶೇರ್, ಅಂದರೆ ಗಜಲಿನ ಎರಡು ಸಾಲಿನ ಪದ್ಯ, ಇದ್ದ ಹಾಗೆ ಅಂದ. ಗಜಲಿನಲ್ಲಿ ಪ್ರತಿ ಶೇರೂ ತನ್ನಷ್ಟಕ್ಕೆ ಪೂರ್ತಿ, ಇಲ್ಲಿ ಈ ಎರಡು ಸಾಲು ಮೇಲಿನ ಹನ್ನೆರಡನ್ನು ಹೊತ್ತು ನಿಂತಿವೆ, ಆ ವ್ಯತ್ಯಾಸವನ್ನೂ ಬರಿ ಅಂದರು ಮೇಡಂ. ಬೇಗ ಬಿಟ್ಟುಹೋಗಬೇಕಾದದ್ದನ್ನು ಹೆಚ್ಚು ಪ್ರೀತಿಸುತ್ತೇವೆ ಎಂಬ ಅರ್ಥದ ಆ ಸಾಲುಗಳನ್ನು ಅವನು ಉರ್ದುವಿನಲ್ಲಿ ಹೇಳಿದ ರೀತಿ ಇವತ್ತಿಗೂ ಕಿವಿಯಲ್ಲಿದೆ.

ಗೈಡನ್ನು ಅವರು ಬೇಡ ಅನ್ನಲಿಲ್ಲ. ನಮ್ಮದು ಬರೆದಾದ ಮೇಲೆ ತೆರೆಸಿ, ಅದರಲ್ಲಿ ಇದ್ದು ನಮಗೆ ಕಾಣದ್ದು ಏನು, ನಮಗೆ ಕಂಡು ಅದರಲ್ಲಿ ಇಲ್ಲದ್ದು ಏನು ಎಂದು ಕೇಳುತ್ತಿದ್ದರು.

ಈಗ ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಫೋನಿನಿಂದ ಇಳಿಸಿದ ಪ್ರಬಂಧ ತರುತ್ತಾರೆ. ಒಂದೂ ತಪ್ಪಿಲ್ಲದ ಇಂಗ್ಲಿಷ್, ಗೆರೆ ಎಳೆಯಲು ಜಾಗವೇ ಇರುವುದಿಲ್ಲ. ನಾನು ಹಾಳೆ ಪಕ್ಕಕ್ಕಿಟ್ಟು, ನಿನಗ ಏನ್ ಕಂಡದ ಹೇಳು ಅನ್ನುತ್ತೇನೆ. ಮೊದಲು ಸುಮ್ಮನಿರುತ್ತಾರೆ, ಕಾಯಬೇಕು. ಮೇಡಂ ನಮಗಾಗಿ ಕಾಯುತ್ತಿದ್ದರು, ವರಾಂಡದಲ್ಲಿ ಕತ್ತಲಾಗುವವರೆಗೆ. ಹೋಂವರ್ಕಿಗೆ ನೆರವಾಗುವುದರಲ್ಲಿ ನನಗೆ ತಿಳಿದ ಮಟ್ಟಿಗೆ ಅತಿ ಕಷ್ಟದ ಕೆಲಸ ಇದೇ. ಉತ್ತರ ನಮ್ಮ ನಾಲಿಗೆಯ ತುದಿಯಲ್ಲಿರುತ್ತದೆ, ಹೇಳಬಾರದು.

ಮೇಡಂ ನಿವೃತ್ತರಾಗಿದ್ದಾರೆ. ಹೋದ ಸಲ ಕಾಲೇಜಿಗೆ ಬಂದಾಗ ವಿಭಾಗದವರು, ಹಳ್ಳಿಯಿಂದ ಬರುವ ಮಕ್ಕಳು ಈಗಲೂ ಸಂಜೆ ಹೋಂವರ್ಕ್ ಹಿಡಿದು ಬರುತ್ತಾರೆ, ಕೂಡಲು ಜನ ಸಾಲುವುದಿಲ್ಲ ಎಂದರು. ಕಲಬುರಗಿಯಲ್ಲೇ ಇರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ವಾರಕ್ಕೊಂದು ಸಂಜೆ ಆದೀತೆಂದರೆ ಇಂಗ್ಲಿಷ್ ವಿಭಾಗದಲ್ಲಿ ನಿಮ್ಮ ಹೆಸರು ಬರೆಸಿ. ನಾನು ಶನಿವಾರ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.