ದಾಳಿಂಬೆಯ ಬಣ್ಣ: ಟಿಪ್ಪಣಿ ಪುಸ್ತಕದ ಐದನೆಯ ವಾರ

ಸೆರ್ಗೇಯ್ ಪರಜಾನೋವ್ ನಿರ್ದೇಶಿಸಿದ, 1969ರಲ್ಲಿ ತೆರೆಕಂಡ ‘ದಿ ಕಲರ್ ಆಫ್ ಪೊಮೆಗ್ರನೇಟ್ಸ್’ ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ನೋಡುತ್ತ, ಅರ್ಥವಾಗದ ವಸ್ತು ಮತ್ತು ಆಚರಣೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ಐದು ವಾರ ತುಂಬಿತು. ಹದಿನೆಂಟನೆಯ ಶತಮಾನದ ಅರ್ಮೇನಿಯನ್ ಕವಿ ಸಯಾತ್ ನೋವಾನ ಬದುಕು ಇದರ ವಸ್ತುವಾದರೂ ಕಥೆಯನ್ನು ಯಾರೂ ಹೇಳುವುದಿಲ್ಲ. ಕ್ಯಾಮೆರಾ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಮಾತು ತೀರ ಕಡಿಮೆ, ಪಾತ್ರಗಳು ಹಳೆಯ ಹಸ್ತಪ್ರತಿಯ ಚಿತ್ರಗಳಂತೆ ನಮ್ಮತ್ತ ಮುಖ ಮಾಡಿ ನಿಲ್ಲುತ್ತವೆ.

ಮೊದಲ ಎರಡು ವಾರದ ಟಿಪ್ಪಣಿಗಳಲ್ಲಿ ಬಹುಪಾಲನ್ನು ಹೊಡೆದುಹಾಕಿದ್ದೇನೆ, ಏಕೆಂದರೆ ಕಂಡದ್ದಕ್ಕೆಲ್ಲ ‘ಸಂಕೇತ’ ಎಂದು ಗೀಚಿದ್ದೆ. ಮಠದ ಕಲ್ಲಿನ ಚಾವಣಿಯ ಮೇಲೆ ರಾಶಿ ರಾಶಿ ದಪ್ಪ ಪುಸ್ತಕಗಳು ತೆರೆದು ಬಿದ್ದಿವೆ, ಗಾಳಿಗೆ ಹಾಳೆಗಳು ತಾವಾಗಿ ಮಗುಚಿಕೊಳ್ಳುತ್ತಿವೆ, ನಡುವೆ ಹುಡುಗನೊಬ್ಬ ಮಲಗಿದ್ದಾನೆ. ಇದರ ಎದುರು ‘ಜ್ಞಾನದ ಪ್ರತೀಕ’ ಎಂದು ಬರೆದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಅದರ ಹಿಂದಿನ ದೃಶ್ಯವನ್ನೇ ನಾನು ಸರಿಯಾಗಿ ನೋಡಿರಲಿಲ್ಲ: ಮಳೆಗೆ ನೆನೆದ ಹೊತ್ತಗೆಗಳನ್ನು ಸನ್ಯಾಸಿಗಳು ಕಲ್ಲಿನ ಕೆಳಗೆ ಒತ್ತಿ ನೀರು ಹಿಂಡುತ್ತಾರೆ, ಆಮೇಲೆ ಬಿಸಿಲಿಗೆ ಹರವುತ್ತಾರೆ. ಅಂದರೆ ಅದು ಸಂಕೇತವಲ್ಲ, ಪುಸ್ತಕ ಒಣಗಿಸುವ ಕೆಲಸ. ಆದರೆ ದಾಳಿಕೋರರು ಹೊತ್ತೊಯ್ದ ಹಸ್ತಪ್ರತಿಗಳನ್ನು ಅರ್ಮೇನಿಯನ್ನರು ಹಣ ತೆತ್ತು ತಂದಾಗ, ಮನುಷ್ಯನನ್ನು ಬಿಡಿಸಿಕೊಂಡಂತೆಯೇ ‘ಸೆರೆಯಿಂದ ಬಿಡಿಸಿದೆವು’ ಎಂದು ಪುಸ್ತಕದಲ್ಲೇ ಬರೆದಿಡುತ್ತಿದ್ದರೆಂದು ತಿಳಿದ ಮೇಲೆ, ಆ ಹಿಂಡುವ ಕೈಗಳು ಬೇರೆಯೇ ಆಗಿ ಕಂಡವು.

ಬಣ್ಣದ ಕಡಾಯಿಯಿಂದ ಉಣ್ಣೆಯ ಲಡಿಗಳನ್ನು ಎತ್ತುವ ದೃಶ್ಯ ಸುಲಭವಾಗಿ ಬಿಡಿಸಿಕೊಂಡಿತು; ಕವಿ ನೇಯ್ಗೆ ಕಲಿತವನು.

ಈ ವಾರದ ನಿಜವಾದ ಗಳಿಕೆ ಬೇರೆ ಇದೆ. ಸಯಾತ್ ನೋವಾ ‘ಅಶುಘ್’ ಪರಂಪರೆಯ, ಅಂದರೆ ತಾವೇ ಹಾಡು ಕಟ್ಟಿ ಹಾಡುವ ಕವಿಗಳ ಪರಂಪರೆಯ, ಹಾಡುಗಾರ. ಅರ್ಮೇನಿಯನ್, ಜಾರ್ಜಿಯನ್, ಅಜರ್ಬೈಜಾನಿ ಮೂರರಲ್ಲೂ ಹಾಡು ಕಟ್ಟಿದವನು. ಅವನ ಹುಟ್ಟುಹೆಸರು ಹರುತ್ಯುನ್. ‘ಸಯಾತ್ ನೋವಾ’ ಎಂಬುದು ಹಾಡಿನ ಕೊನೆಯ ಪದ್ಯದಲ್ಲಿ ಬರುವ ಅಂಕಿತ. ದಾಸರ ಪದ ಕೇಳಿ ಬೆಳೆದ ಕಿವಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಿಲ್ಲವಾದರೂ ಒಂದು ವ್ಯತ್ಯಾಸವಿದೆ: ದಾಸರ ಅಂಕಿತದಲ್ಲಿ ದೇವರ ಹೆಸರಿದ್ದರೆ, ಇಲ್ಲಿ ಹಾಡುಗಾರ ತನ್ನನ್ನೇ ಕೂಗಿ ಮಾತಾಡಿಸುತ್ತಾನೆ. ತರುಣ ಕವಿಯ ಪಾತ್ರವನ್ನೂ ಅವನ ಪ್ರೇಯಸಿಯ ಪಾತ್ರವನ್ನೂ ಸೋಫಿಕೊ ಚಿಯಾವುರೇಲಿ ಎಂಬ ಒಬ್ಬಳೇ ನಟಿ ಮಾಡಿರುವುದು ನನ್ನನ್ನು ಎರಡು ಸಲ ದಾರಿ ತಪ್ಪಿಸಿತ್ತು. ಹಾಡುವವನೂ ಹಾಡಿಸಿಕೊಳ್ಳುವವಳೂ ಕೊನೆಯ ಸಾಲಿನಲ್ಲಿ ಒಂದೇ ಹೆಸರಿಗೆ ಬಂದು ಸೇರುವ ಕಾವ್ಯಕ್ಕೆ ಇದಕ್ಕಿಂತ ಒಪ್ಪುವ ಪಾತ್ರಹಂಚಿಕೆ ನನಗೆ ಹೊಳೆಯುವುದಿಲ್ಲ.

ಆರಂಭದಲ್ಲಿ ಬಿಳಿ ಬಟ್ಟೆಯ ಮೇಲೆ ಮೂರು ದಾಳಿಂಬೆಗಳ ರಸ ಹರಡುತ್ತದೆ. ಆ ಕಲೆ ಪ್ರಾಚೀನ ಅರ್ಮೇನಿಯಾದ ನಕ್ಷೆಯ ಆಕಾರದಲ್ಲಿದೆ ಎಂಬ ವ್ಯಾಖ್ಯಾನ ಪ್ರಸಿದ್ಧ. ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ನನಗಂತೂ ಕಾಣಲಿಲ್ಲ.

ಸಮಾಧಿ ಅಗೆಯುವಾಗ ಕುರಿಗಳು ಚರ್ಚಿನ ತುಂಬ ನುಗ್ಗುವ ದೃಶ್ಯದ ಪುಟದಲ್ಲಿ ‘ಮತಾಘ್?’ ಎಂದಷ್ಟೇ ಬರೆದಿದೆ. ಮತಾಘ್ ಎಂದರೆ ಅರ್ಮೇನಿಯನ್ನರು ಉಪ್ಪನ್ನು ಮಂತ್ರಿಸಿ, ಪ್ರಾಣಿಯನ್ನು ಬಲಿ ಕೊಟ್ಟು, ಮಾಂಸವನ್ನು ಬಡವರಿಗೆ ಹಂಚುವ ಹರಕೆ. ಇಲ್ಲಿ ಉಪ್ಪೂ ಇಲ್ಲ, ಊಟವೂ ಇಲ್ಲವಾದ್ದರಿಂದ ಪ್ರಶ್ನಾರ್ಥಕ ಚಿಹ್ನೆ ಹಾಗೆಯೇ ಉಳಿದಿದೆ.

ಒಂದು ಅವಾಂತರವನ್ನೂ ದಾಖಲಿಸಬೇಕು. ಸೋವಿಯತ್ ವಿತರಣೆಗಾಗಿ ಸೆರ್ಗೇಯ್ ಯುತ್ಕೇವಿಚ್ ಮರುಸಂಕಲಿಸಿದ ಆವೃತ್ತಿ ಬೇರೆಯೇ ಇದೆ ಎಂಬುದು ತಿಳಿಯದೆ ಮೊದಲ ಮೂರು ವಾರ ಅದನ್ನೇ ನೋಡಿದ್ದೆ. ಆಮೇಲೆ 2014ರಲ್ಲಿ ಪುನರುಜ್ಜೀವನಗೊಂಡ ಪ್ರತಿಗೆ ಬಂದೆ. ಟಿಪ್ಪಣಿಗಳ ನಿಮಿಷ–ಸೆಕೆಂಡುಗಳು ಈಗ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮುಂದಿನ ವಾರವೆಲ್ಲ ಅವನ್ನು ತಿದ್ದುವುದಕ್ಕೇ ಹೋಗುತ್ತದೆ.